ಹಳೆಯ ಕಾರುಗಳ ಹರಾಜು ಮತ್ತು ಮಾರಾಟಗಾರನ ಹೊಣೆ

ಸಂಗ್ರಹಯೋಗ್ಯ ಹಳೆಯ ವಾಹನವನ್ನು ಹರಾಜಿಗಿಡುವವನು ಅದರ ಬಗ್ಗೆ ತನಗೆ ಗೊತ್ತಿರುವುದನ್ನು ಎಷ್ಟರಮಟ್ಟಿಗೆ ಹೇಳಬೇಕು, ಹೇಳದಿದ್ದರೆ ಏನಾಗುತ್ತದೆ ಎಂಬುದರ ಕಾನೂನು ಮತ್ತು ರೂಢಿಯ ಇತಿಹಾಸ ಇದು. ಈ ಲೇಖನ ಕೇರಳದ ಕಾಸರಗೋಡು ಜಿಲ್ಲೆಯ ಅಡೂರು, ಕರ್ನಾಟಕದ ಸುಳ್ಯ ಆಸುಪಾಸಿನ ಗಡಿಪ್ರದೇಶವನ್ನು ವಿಶೇಷವಾಗಿ ಗಮನಿಸುತ್ತದೆ. ಈ ಕತೆಯನ್ನು 1930ರ ಸರಕು ಮಾರಾಟ ಕಾಯ್ದೆಯಿಂದ ಶುರುಮಾಡಬಹುದು. ಆದರೆ ಮುಖ್ಯವಾದ ತಕರಾರು ಅದಕ್ಕಿಂತ ಹಳೆಯದು.

1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮು ವಂಚನೆಯನ್ನು ವಿವರಿಸಲು ಹರಾಜಿನ ಕುದುರೆಯೊಂದನ್ನು ತರುತ್ತದೆ. ಕುದುರೆಗೆ ಐಬಿದೆ ಎಂದು ಮಾರುವವನಿಗೆ ಗೊತ್ತು, ಆದರೂ ಬಾಯಿ ಬಿಡುವುದಿಲ್ಲ. ಇದು ವಂಚನೆಯಲ್ಲ. ಕೊಳ್ಳುವವಳು ಆಗತಾನೇ ಪ್ರಾಯಕ್ಕೆ ಬಂದ ಅವನ ಮಗಳೇ ಆದರೆ ಹೇಳುವುದು ಅವನ ಕರ್ತವ್ಯ. ‘ನೀವು ಅಲ್ಲವೆನ್ನದಿದ್ದರೆ ಕುದುರೆ ಸರಿಯಿದೆ ಎಂದುಕೊಳ್ಳುತ್ತೇನೆ’ ಎಂದು ಗಿರಾಕಿ ಮೊದಲೇ ಹೇಳಿದ್ದರೆ, ಮಾರುವವನ ಮೌನವೇ ಮಾತಾಗುತ್ತದೆ. ಭಾರತದಲ್ಲಿ ಕಾರುಗಳೇ ಇಲ್ಲದ ಕಾಲದ ಈ ಉದಾಹರಣೆ ಇಂದಿನ ಹರಾಜಿಗೂ ಅಳತೆಗೋಲು. ತುಕ್ಕಿನ ಬಗ್ಗೆ ಸುಮ್ಮನಿರುವುದು ಬೇರೆ, ತುಕ್ಕಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವುದು ಬೇರೆ. ಎರಡನೆಯದು ಬೇಕೆಂದೇ ಮರೆಮಾಚಿದ್ದು, ಅಂದರೆ ವಂಚನೆ. ಅದೇ ಕಾಯ್ದೆಯ 19ನೇ ಕಲಮು ಗಿರಾಕಿಯನ್ನೂ ಬಿಡುವುದಿಲ್ಲ. ಮೌನದಿಂದಾದ ವಂಚನೆಯೇ ಇದ್ದರೂ, ಸಾಧಾರಣ ಎಚ್ಚರಿಕೆಯಿಂದ ನಿಜ ತಿಳಿಯಬಹುದಿತ್ತು ಎಂದಾದರೆ ಕರಾರು ಮುರಿಯಲಾಗದು.

1930ರ ಕಾಯ್ದೆಯ 64ನೇ ಕಲಮು ಹರಾಜಿನ ನಡಾವಳಿಯನ್ನಷ್ಟೇ ಬಿಗಿಮಾಡಿತು. ಮೊದಲೇ ತಿಳಿಸದೆ ಮಾರುವವನು ತಾನೇ ಸವಾಲು ಕೂಗುವಂತಿಲ್ಲ, ಬೇರೆಯವರಿಂದ ಕೂಗಿಸುವಂತಿಲ್ಲ. ಸುತ್ತಿಗೆ ಬೀಳುವವರೆಗೆ ಕೂಗಿದವನು ಹಿಂದೆ ಸರಿಯಬಹುದು.

ಎರಡನೇ ಮಹಾಯುದ್ಧದ ಬಳಿಕ ಸೇನೆಯ ಉಳಿಕೆ ವಾಹನಗಳು ಹರಾಜಿಗೆ ಬಂದವು. ‘ಡಿಸ್ಪೋಸಲ್ ಜೀಪು’ ಎಂಬ ಹೆಸರು ಹುಟ್ಟಿದ್ದು ಹೀಗೆ. ಸುಳ್ಯ, ಕಾಸರಗೋಡಿನ ಗುಡ್ಡ, ತೋಟಗಳ ಕಡೆ ಕಾರಿಗಿಂತ ಜೀಪಿಗೇ ಕಿಮ್ಮತ್ತು. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಇಂಥ ಜೀಪುಗಳನ್ನು ಬಿಡಿಭಾಗಗಳಿಂದ ಕಟ್ಟುವುದು ದೊಡ್ಡ ಕಸುಬಾಯಿತು. ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿದ ಜೀಪನ್ನು ಮಾರುವವನು ಅದನ್ನೇ ಹೆಚ್ಚುಗಾರಿಕೆಯಾಗಿ ಹೇಳಿಕೊಳ್ಳುತ್ತಿದ್ದ. ಕೊಳ್ಳುವವನ ಪರೀಕ್ಷೆ ಚಾಸಿಯ ಬಳಿ ನಡೆಯುತ್ತದೆ. ಗ್ರೀಸು ಕೆರೆದು, ಕಾಗದವಿಟ್ಟು ಪೆನ್ಸಿಲ್ ಉಜ್ಜಿ ನಂಬರಿನ ಪ್ರಿಂಟ್ ತೆಗೆಯುತ್ತಾರೆ. ಅಂಕೆಗಳು ಸೊಟ್ಟಗಿದ್ದರೆ, ಸುತ್ತ ವೆಲ್ಡಿಂಗಿನ ಗುರುತಿದ್ದರೆ ಆರ್‌.ಸಿ.ಯಲ್ಲಿರುವ ವಾಹನ ಇದಲ್ಲ ಎಂಬ ಅನುಮಾನ ಏಳುತ್ತದೆ.

ಎಷ್ಟು ಭಾಗ ಬದಲಾದರೆ ವಾಹನ ತನ್ನ ಗುರುತು ಕಳೆದುಕೊಳ್ಳುತ್ತದೆ ಎಂಬುದನ್ನು ಹೆಚ್ಚು ಚರ್ಚಿಸಿದ ತೀರ್ಪು ಇಂಗ್ಲೆಂಡಿನದು. ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ರೇಸ್ ಕಾರನ್ನು 1 ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದ ಕಂಪನಿ, ಅದು ಅಸಲಿಯಲ್ಲವೆಂದು ಹಿಂದೆ ಸರಿಯಿತು. 1990ರಲ್ಲಿ ನ್ಯಾಯಮೂರ್ತಿ ಓಟನ್ ಮಾರಾಟಗಾರನ ಪರ ತೀರ್ಪಿತ್ತರು. ಭಾಗಗಳು ಬದಲಾದರೂ ಕಾರಿನ ಇತಿಹಾಸ ಎಲ್ಲೂ ತುಂಡಾಗದಿದ್ದರೆ ಅದು ಅದೇ ಕಾರು ಎಂಬುದು ಅದರ ಸಾರ.

ಅಡೂರಿನಂಥ ಊರಿನಲ್ಲಿ ಹಾಗೆ ತುಂಡಾಗದ ಇತಿಹಾಸ ತೋರಿಸುವುದು ಸುಲಭವಲ್ಲ. 1956ರ ನವೆಂಬರ್ 1ರವರೆಗೆ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯ ಭಾಗ, ಜಿಲ್ಲಾಕೇಂದ್ರ ಮಂಗಳೂರು. ಬಳಿಕ ಕೇರಳಕ್ಕೆ ಸೇರಿ ಕಣ್ಣೂರು ಜಿಲ್ಲೆಯ ಭಾಗವಾಯಿತು. 1984ರಲ್ಲಿ ಕಾಸರಗೋಡು ಜಿಲ್ಲೆ ಆಯಿತು. ಅಡೂರು ಕಡೆಯ ಈಗಿನ ನೋಂದಣಿ ಸಂಕೇತ ಕೆಎಲ್‌ 14. ಹೀಗಾಗಿ 1950ರ ವಾಹನವೊಂದರ ಕಾಗದಪತ್ರ ಒಂದೇ ಕಚೇರಿಯಲ್ಲಿ ಸಿಗುವುದೆಂದು ನಂಬುವಂತಿಲ್ಲ. ಹಳೆಯ ಕಾಗದವನ್ನು ಜೋಪಾನವಾಗಿಟ್ಟ ಮನೆತನದ ವಾಹನಕ್ಕೆ ಹೆಚ್ಚು ಬೆಲೆ ಬರಲು ಇದೂ ಒಂದು ಕಾರಣ.

2020ರ ನವೆಂಬರಿನಲ್ಲಿ ಮುಂಬಯಿಯ ಅಸ್ತಗುರು ಸಂಸ್ಥೆ ಹಳೆಯ ಕಾರುಗಳನ್ನು ಆನ್‌ಲೈನ್ ಹರಾಜಿಗಿಟ್ಟಿತು. ಆದರೆ ನಿಜವಾದ ತಿರುವು 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗಾದ ತಿದ್ದುಪಡಿ. 50 ವರ್ಷ ದಾಟಿದ, ಮೂಲ ರೂಪದಲ್ಲಿರುವ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆಯಾಗದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನ ಮಾತ್ರ ‘ವಿಂಟೇಜ್’. ರಾಜ್ಯದ ಸಮಿತಿ ವಾಹನವನ್ನು ನೋಡಿ ಒಪ್ಪಬೇಕು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಸಂಖ್ಯೆಯಲ್ಲಿ ‘ವಿಎ’ ಅಕ್ಷರ. ಮೊದಲೇ ನೋಂದಣಿಯಾಗಿದ್ದರೆ ಹಳೆಯ ಸಂಖ್ಯೆ ಉಳಿಸಿಕೊಳ್ಳಬಹುದು. ಮಾರಿದರೆ 90 ದಿನದೊಳಗೆ ಸಾರಿಗೆ ಇಲಾಖೆಗೆ ತಿಳಿಸಬೇಕು. ಕುದುರೆಯ ಒಡೆಯನಿಗಿದ್ದ ಮೌನದ ಸವಲತ್ತು ಇಲ್ಲಿ ಬಹುಮಟ್ಟಿಗೆ ಕರಗಿತು, ಏಕೆಂದರೆ ವಿಂಟೇಜ್ ಎಂದು ಬರೆಸಿಕೊಳ್ಳುವವನು ವಾಹನ ಮೂಲ ರೂಪದಲ್ಲಿದೆ ಎಂದು ಸರ್ಕಾರದ ಮುಂದೆ ಒಪ್ಪಿಸಲೇಬೇಕು. ಡೀಸೆಲ್ ಕೂರಿಸಿದ ಜೀಪಿನ ಹೆಚ್ಚುಗಾರಿಕೆಯೇ ಈಗ ಅದರ ಕೊರತೆ.

ಪರಿಹಾರದ ದಾರಿ ಮಾತ್ರ ಇನ್ನೂ ಗೊಂದಲದ್ದು. ‘ಹೇಗಿದೆಯೋ ಹಾಗೆ’ ಎಂದು ಸಾರ್ವಜನಿಕ ಹರಾಜಿನಲ್ಲಿ ನಿವೇಶನ ಹಿಡಿದವನು ಗ್ರಾಹಕ ರಕ್ಷಣಾ ಕಾಯ್ದೆಯ ಅರ್ಥದಲ್ಲಿ ಗ್ರಾಹಕನಲ್ಲ ಎಂದು 2009ರಲ್ಲಿ ಚಂಡೀಗಢ ಆಡಳಿತದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪು ನಿವೇಶನಗಳದ್ದು, ವಾಹನಗಳದ್ದಲ್ಲ. ಅದನ್ನು ಕಾರಿಗೂ ಎಳೆಯಬೇಕೇ ಎಂಬುದು ವಾದದ ವಿಷಯ. ಅಡೂರಿನವನು ಸುಳ್ಯದವನಿಗೆ ಮಾರಿದರೆ ಇನ್ನೊಂದು ಹೊಣೆಯೂ ಇದೆ. ಗಡಿ ದಾಟುವ ವಾಹನಕ್ಕೆ 28ನೇ ನಮೂನೆಯ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಬೇಕು. ಹೆಸರು ಬದಲಾಗದೆ ಅಪಘಾತವಾದರೆ, 2018ರ ನವೀನ್ ಕುಮಾರ್ ಪ್ರಕರಣದ ತೀರ್ಪಿನಂತೆ, ದಾಖಲೆಯಲ್ಲಿರುವ ಒಡೆಯನೇ ಪರಿಹಾರಕ್ಕೆ ಬಾಧ್ಯ.