ಭೀಮಾ ತೀರದ ಮೀನುಗಾರಿಕೆ

ಕಲಬುರಗಿ ಜಿಲ್ಲೆಯ ಅಫಜಲಪುರ, ಜೇವರ್ಗಿ, ಆಳಂದ ತಾಲ್ಲೂಕುಗಳಲ್ಲಿ ಭೀಮಾ ನದಿ, ಅದರ ಉಪನದಿ ಅಮರ್ಜಾ ಹಾಗೂ ಕೆರೆಗಳನ್ನು ಆಧರಿಸಿದ ಒಳನಾಡು ಸಿಹಿನೀರು ಮೀನುಗಾರಿಕೆ. ಭೀಮೆಯ ಸೊನ್ನ ಬ್ಯಾರೇಜಿನ ಹಿನ್ನೀರು ಅಫಜಲಪುರದ ಪ್ರಮುಖ ನೆಲೆ. ಆಳಂದಕ್ಕೆ ಕೊರಳ್ಳಿ ಬಳಿಯ ಅಮರ್ಜಾ ಜಲಾಶಯವೇ ದೊಡ್ಡ ಆಸರೆ. ಅಮರ್ಜಾ ದೇವಲ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಸೇರುತ್ತದೆ. ಕೆರೆ, ಜಲಾಶಯಗಳಲ್ಲಿ ಕಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿಟ್ಟು ಬೆಳೆಸುತ್ತಾರೆ. ನದಿಯಲ್ಲಿ ಬಾಳೆ, ಕೊರವ ಮೀನುಗಳೂ ಸಿಗುತ್ತವೆ. ಅಂಚಿಗೆ ಸೀಸದ ಗುಂಡು ಪೋಣಿಸಿದ ಬೀಸುಬಲೆ ನೀರಿಗೆ ಬಿದ್ದೊಡನೆ ದುಂಡಗೆ ಹರಡಿ ತಳಕ್ಕಿಳಿದು ಮೀನನ್ನು ಮುಚ್ಚುತ್ತದೆ. ಕೋಲಿ, ಕಬ್ಬಲಿಗ ಸಮುದಾಯಗಳಿಗೆ ಮೀನುಗಾರಿಕೆ ಪರಂಪರೆಯ ಕಸುಬು. ಬೇಸಿಗೆಯಲ್ಲಿ ಭೀಮೆಯ ನೀರು ಮಹಾರಾಷ್ಟ್ರದ ಉಜನಿ ಅಣೆಕಟ್ಟೆಯನ್ನು ಅವಲಂಬಿಸುವುದರಿಂದ ಮೀನಿನ ಇಳುವರಿ ಅನಿಶ್ಚಿತ.