ವೈದ್ಯನಾಗಬಯಸಿದವನ ಪಾಠಪಟ್ಟಿ

ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದೊಡನೆ ಕಾಲೇಜಿನ ಅರ್ಜಿಯಲ್ಲಿ ‘ಪಿಸಿಎಂಬಿ’ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ) ಎಂಬ ನಾಲ್ಕಕ್ಷರಗಳಿಗೆ ಗುರುತು ಹಾಕಿ, ತನ್ಮೂಲಕ ಮೆಡಿಕಲ್ ಸೀಟಿನ ದಾರಿಯಲ್ಲಿ ಮೊದಲ ಹೆಜ್ಜೆ ಇಟ್ಟೆವೆಂದು ಭಾವಿಸುವುದು ಇಂದಿನ ಮನೆಗಳಲ್ಲಿ ಎಷ್ಟು ಸಹಜವಾಗಿದೆಯೆಂದರೆ, ಅದು ಅನಾದಿಯಿಂದಲೂ ನಡೆದುಬಂದ ಸಂಪ್ರದಾಯವೆಂದೇ ತೋರುತ್ತದೆ. ವಾಸ್ತವವಾಗಿ ಈ ಪದ್ಧತಿಯ ವಯಸ್ಸು ಒಂದು ಪೂರ್ಣ ಜೀವಿತದಷ್ಟೂ ಆಗಿಲ್ಲ.

ಇಂಗ್ಲೆಂಡಿನಲ್ಲಿ 1858ರ ವೈದ್ಯಕೀಯ ಶಾಸನದಿಂದ ಜನರಲ್ ಮೆಡಿಕಲ್ ಕೌನ್ಸಿಲ್ ಸ್ಥಾಪಿತವಾದ ತರುವಾಯ, ವೈದ್ಯವಿದ್ಯೆಗೆ ಬರುವವನಿಗೆ ಮೊದಲು ಸಾಮಾನ್ಯ ಶಿಕ್ಷಣದ ಪರೀಕ್ಷೆಯೊಂದು ವಿಧಿಸಲ್ಪಟ್ಟಿತು. ಅದರಲ್ಲಿ ಲ್ಯಾಟಿನ್ ಭಾಷೆಗೆ ಸ್ಥಾನವಿದ್ದಿತು. ಔಷಧದ ಚೀಟಿಗಳು ಲ್ಯಾಟಿನ್ನಿನಲ್ಲಿ ಬರೆಯಲ್ಪಡುತ್ತಿದ್ದ ಕಾಲದಲ್ಲಿ ಇದು ಕೇವಲ ಅಲಂಕಾರವಾಗಿರಲಿಲ್ಲ. ರಸಾಯನವನ್ನೂ ಜೀವವಿಜ್ಞಾನವನ್ನೂ ವೈದ್ಯಕೀಯ ಶಾಲೆಗೆ ಸೇರಿದ ಮೇಲೆ ಕಲಿತರಾಯಿತು. ಭಾಷೆ ಮಾತ್ರ ಹೊಸ್ತಿಲು ದಾಟುವ ಮುನ್ನವೇ ಬರಬೇಕು ಎಂಬುದು ಅಂದಿನ ಧೋರಣೆ.

ನಮ್ಮಲ್ಲಿ ಈ ವಿದ್ಯೆಗೆ ಬಹುಕಾಲ ಪರಸ್ಥಳವೇ ಗತಿಯಾಗಿದ್ದಿತು. ಮೈಸೂರಿನ ಕಡೆಯವರಿಗೆ 1835ರಲ್ಲಿ ಆರಂಭವಾದ ಮದರಾಸಿನ ಕಾಲೇಜು, ಧಾರವಾಡದ ಕಡೆಯವರಿಗೆ ಮುಂಬಯಿಯ ಗ್ರ್ಯಾಂಟ್ ಕಾಲೇಜು. 1924ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಬೆಂಗಳೂರಿನಲ್ಲಿ ತೆರೆದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡಿತು. ಅಂದು ಪದವಿಯ ವೈದ್ಯನಾಗಬೇಕಾದವನು ಪ್ರೌಢಶಾಲೆಯನ್ನು ಮುಗಿಸಿ, ಎರಡು ವರ್ಷದ ಇಂಟರ್‌ಮೀಡಿಯೆಟ್ ತರಗತಿಯಲ್ಲಿ ವಿಜ್ಞಾನವನ್ನು ಆರಿಸಿಕೊಂಡು ಓದುತ್ತಿದ್ದನು. ಪದವಿಯ ಹಂಬಲವಿಲ್ಲದವರಿಗೆ ಇನ್ನೊಂದು ದಾರಿಯೂ ಇದ್ದಿತು: ಶಾಲಾಶಿಕ್ಷಣ ಮುಗಿಸಿ ವೈದ್ಯಕೀಯ ಶಾಲೆಗೆ ಸೇರಿ ‘ಎಲ್.ಎಂ.ಪಿ. ಡಾಕ್ಟರು’ ಆಗುವುದು. ಹಳ್ಳಿಪಟ್ಟಣಗಳ ಆರೋಗ್ಯವನ್ನು ನೋಡಿಕೊಂಡವರಲ್ಲಿ ಬಹುಮಂದಿ ಇವರೇ. 1946ರ ಭೋರ್ ಸಮಿತಿಯು ದೇಶಕ್ಕೆಲ್ಲ ಒಂದೇ ದರ್ಜೆಯ ವೈದ್ಯನಿರಲಿ ಎಂದು ಶಿಫಾರಸು ಮಾಡಿದ ಮೇಲೆ ಆ ದಾರಿ ಕ್ರಮೇಣ ಮುಚ್ಚಿಹೋಯಿತು. ಸಮಾನತೆಯ ದೃಷ್ಟಿಯಿಂದ ಆ ನಿರ್ಣಯ ಶ್ಲಾಘ್ಯವಾದುದೇ. ಹಳ್ಳಿಗಳಿಗೆ ಅದರಿಂದಾದ ನಷ್ಟವನ್ನು ಯಾರೂ ಸರಿಯಾಗಿ ತೂಗಿ ನೋಡಲಿಲ್ಲವೆಂದು ನನಗನ್ನಿಸುತ್ತದೆ.

ಆಯ್ಕೆಯ ಭಾರವು ಕಾಲೇಜಿನಿಂದ ಪ್ರೌಢಶಾಲೆಗೆ ಇಳಿದ ಕಥೆಯಲ್ಲಿ ಸ್ವತಃ ಒಬ್ಬ ವೈದ್ಯರ ಪಾತ್ರವಿರುವುದು ಕುತೂಹಲಕರ. 1952–53ರ ಮಾಧ್ಯಮಿಕ ಶಿಕ್ಷಣ ಆಯೋಗದ ಅಧ್ಯಕ್ಷರಾಗಿದ್ದ ಎ. ಲಕ್ಷ್ಮಣಸ್ವಾಮಿ ಮುದಲಿಯಾರರು ಪ್ರಸೂತಿಶಾಸ್ತ್ರದಲ್ಲಿ ಖ್ಯಾತರು, ಮದರಾಸು ವೈದ್ಯಕೀಯ ಕಾಲೇಜಿನ ಪ್ರಾಂಶುಪಾಲರಾಗಿದ್ದವರು, ಮದರಾಸು ವಿಶ್ವವಿದ್ಯಾನಿಲಯದ ದೀರ್ಘಕಾಲದ ಕುಲಪತಿಗಳು. ಕೇವಲ ಪುಸ್ತಕದ ಓದಿನಿಂದ ಎಲ್ಲ ಮಕ್ಕಳನ್ನೂ ಒಂದೇ ಅಚ್ಚಿನಲ್ಲಿ ಎರಕಹೊಯ್ಯಬಾರದೆಂಬ ಸದುದ್ದೇಶದಿಂದ ಆ ಆಯೋಗವು ವಿವಿಧೋದ್ದೇಶ ಪ್ರೌಢಶಾಲೆಗಳನ್ನು ಸೂಚಿಸಿ, ಮಾನವಿಕ, ವಿಜ್ಞಾನ, ತಾಂತ್ರಿಕ, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನ ಎಂಬ ಏಳು ಪಾಠಸಮೂಹಗಳನ್ನು ಮುಂದಿಟ್ಟಿತು. ಮಗುವಿನ ಅಭಿರುಚಿಗೆ ಮನ್ನಣೆ ನೀಡಲೆಂದು ಹೂಡಿದ ಈ ಏರ್ಪಾಟು, ತಂದೆತಾಯಿಗಳ ಮಹತ್ವಾಕಾಂಕ್ಷೆಗೂ ಬೇಗನೆ ಬಾಗಿಲು ತೆರೆಯಿತು. ಹತ್ತು ವರ್ಷಗಳವರೆಗೆ ಎಲ್ಲರಿಗೂ ಸಾಮಾನ್ಯ ಶಿಕ್ಷಣವೇ ಇರಲಿ, ವಿಶೇಷಾಧ್ಯಯನ ಆಮೇಲೆ ಬರಲಿ ಎಂದು 1964–66ರ ಕೊಠಾರಿ ಆಯೋಗವು ಹೇಳಿದುದು ಇದಕ್ಕೆ ತಿದ್ದುಪಡಿಯಂತೆಯೇ ಇದೆ.

ಅಷ್ಟರಲ್ಲಿ ಇಂಟರ್‌ಮೀಡಿಯೆಟ್ ಅಳಿದು ಒಂದು ವರ್ಷದ ಪಿಯುಸಿ ಬಂದಿದ್ದಿತು; ವೈದ್ಯವಿದ್ಯಾರ್ಥಿಗೆ ಅದರ ಮೇಲೊಂದು ಪ್ರೀ-ಪ್ರೊಫೆಷನಲ್ ವರ್ಷ. ಎಪ್ಪತ್ತರ ದಶಕದಲ್ಲಿ ಪಿಯುಸಿಯೇ ಎರಡು ವರ್ಷದ್ದಾಗಲು, ನಿರ್ಣಯದ ಗಳಿಗೆಯು ಎಸ್ಸೆಸ್ಸೆಲ್ಸಿ ಮುಗಿದ ಆ ಬೇಸಿಗೆಯಲ್ಲೇ ಬಂದು ನಿಂತಿತು. ಇಲ್ಲಿ ಒಂದು ವಿನೋದವನ್ನು ಗಮನಿಸಬೇಕು. ವೈದ್ಯಕೀಯ ಪ್ರವೇಶಕ್ಕೆ ಬೇಕಾದುದು ಭೌತ, ರಸಾಯನ, ಜೀವಶಾಸ್ತ್ರಗಳು ಮತ್ತು ಇಂಗ್ಲಿಷ್; ಗಣಿತವಲ್ಲ. ಆದರೂ ಗಣಿತವು ನಾಲ್ಕಕ್ಷರಗಳಲ್ಲಿ ಭದ್ರವಾಗಿ ಉಳಿದಿದೆ, ಏಕೆಂದರೆ ಮೆಡಿಕಲ್ ತಪ್ಪಿದರೆ ಎಂಜಿನಿಯರಿಂಗ್ ಆದರೂ ಸಿಗಲಿ ಎಂಬ ಲೆಕ್ಕಾಚಾರ ಮನೆಮನೆಯದು. 1994ರಲ್ಲಿ ಸಿಇಟಿ ಘಟಕ ಸ್ಥಾಪಿತವಾಗಿ, ಒಂದೇ ಪ್ರವೇಶ ಪರೀಕ್ಷೆಯ ವ್ಯವಸ್ಥೆಯಲ್ಲಿ ಎರಡು ವೃತ್ತಿಗಳಿಗೂ ಹಾದಿಯಿದ್ದುದರಿಂದ ಈ ಲೆಕ್ಕ ಇನ್ನಷ್ಟು ಗಟ್ಟಿಯಾಯಿತು. ವೈದ್ಯಕೀಯ ಪ್ರವೇಶಕ್ಕೆ ದೇಶಕ್ಕೆಲ್ಲ ನೀಟ್ ಎಂಬ ಒಂದೇ ಪರೀಕ್ಷೆಯಾದ ಮೇಲೂ, ಅದರ 720 ಅಂಕಗಳಲ್ಲಿ 360 ಜೀವಶಾಸ್ತ್ರಕ್ಕೇ ಮೀಸಲಾಗಿ ಗಣಿತಕ್ಕೆ ಒಂದಂಕವೂ ಇಲ್ಲದಿದ್ದರೂ, ಹಳೆಯ ಜೋಡಣೆ ಅಲುಗಲಿಲ್ಲ.

ಈ ಒಂದೂವರೆ ಶತಮಾನದಲ್ಲಿ ವಿಜ್ಞಾನಕ್ಕೆ ದೊರೆತ ಪಟ್ಟ ನ್ಯಾಯವಾದುದು. ಕುಸಿದುದು ಭಾಷೆಯ ಗೌರವ. ಒಂದು ಕಾಲಕ್ಕೆ ಹೊಸ್ತಿಲಿನ ಕಾವಲುಗಾರನಂತಿದ್ದ ಭಾಷೆಯು ಈಗ ಪಿಯುಸಿಯಲ್ಲಿ ಹೆಚ್ಚು ಅಂಕ ಬರುವುದು ಯಾವುದರಲ್ಲಿ ಎಂಬ ವಿಚಾರದಿಂದ ಮಾತ್ರ ಆರಿಸಲ್ಪಡುತ್ತಿದೆ. ಔಷಧದ ಹೆಸರನ್ನು ಎಷ್ಟೇ ಭಾಷೆಗಳಲ್ಲಿ ಬಲ್ಲವನಾದರೂ, ನೋವು ಎಲ್ಲಿಂದ ಹೊರಟು ಎಲ್ಲಿಗೆ ಹರಿಯುತ್ತದೆಂದು ರೋಗಿ ತನ್ನ ನುಡಿಯಲ್ಲಿ ಹೇಳುವುದನ್ನು ಅರಿಯಲಾರದವನು ಅರ್ಧ ವೈದ್ಯನೇ ಸರಿ. ವೃತ್ತಿಯಿಂದ ವೈದ್ಯರಾಗಿದ್ದ ಡಾ. ಎಂ. ಶಿವರಾಂ ಅವರು ‘ರಾಶಿ’ಯೆಂಬ ಹೆಸರಿನಲ್ಲಿ ಬರೆಯುತ್ತ, 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆಯನ್ನು ಹೊರಡಿಸಿ ಕನ್ನಡನಾಡನ್ನೇ ನಗಿಸಿದವರು; ಅಂಥವರಿಗೆ ಚಿಕಿತ್ಸೆಯೂ ಭಾಷೆಯೂ ಬೇರೆಬೇರೆ ಪಾಠಗಳಾಗಿದ್ದಿರಲಾರವು.

2017ರಿಂದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ದೊರೆಯುತ್ತಿದೆ. 2023ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು, ಹನ್ನೆರಡನೆಯ ತರಗತಿಯನ್ನು ಮುಗಿಸಿದ ಮೇಲೆ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಓದಿ ತೇರ್ಗಡೆಯಾದವರೂ ನೀಟ್ ಬರೆಯಬಹುದೆಂದು ಪ್ರಕಟಿಸಿತು. ಹದಿನಾರರ ಹರೆಯದಲ್ಲಿ ಹಾಕಿದ ಗುರುತು ಇನ್ನು ಕೊನೆಯ ಮಾತಲ್ಲ. ಆದುದರಿಂದ ಅರ್ಜಿಯ ಮುಂದೆ ಕುಳಿತ ತಂದೆತಾಯಿಗಳು ವಿಜ್ಞಾನದ ವಿಷಯಗಳಿಗಾಗಿ ಪಡುವ ಆತುರವನ್ನು ಕೊಂಚ ತಗ್ಗಿಸಿ, ಭಾಷೆಯ ಕಾಲಂ ಬಂದಾಗ ಅಂಕಗಳ ಮಾತನ್ನು ಬದಿಗಿಟ್ಟು ಕನ್ನಡವನ್ನು ಬರೆಸಲಿ.