ಅರೊಮಟೇಸ್ ನಿರೋಧಕಗಳು ಮತ್ತು ಮೂಳೆ ಸವೆತ
ಹಾರ್ಮೋನ್‌ಗೆ ಸ್ಪಂದಿಸುವ ಸ್ತನ ಕ್ಯಾನ್ಸರಿಗೆ ಕೊಡುವ ಅನಾಸ್ಟ್ರಜೋಲ್, ಲೆಟ್ರಜೋಲ್, ಎಕ್ಸಿಮೆಸ್ಟೇನ್ ಮಾತ್ರೆಗಳಿಂದ ಮೂಳೆಯ ಸಾಂದ್ರತೆ ಕುಗ್ಗುವ ಸ್ಥಿತಿ. ಮುಟ್ಟು ನಿಂತ ಮೇಲೆ ಕೊಬ್ಬು, ಸ್ನಾಯುಗಳಲ್ಲಿ ಅರೊಮಟೇಸ್ ಕಿಣ್ವದಿಂದ ತಯಾರಾಗುವ ಅಲ್ಪ ಈಸ್ಟ್ರೊಜೆನ್ ಕೂಡ ಇವುಗಳಿಂದ ಬತ್ತುತ್ತದೆ; ಮೂಳೆ ಕಟ್ಟುವ ಕೋಶಗಳಿಗಿಂತ ಕರಗಿಸುವ ಕೋಶಗಳ ಕೈ ಮೇಲಾಗಿ, ಬೆನ್ನೆಲುಬು, ಸೊಂಟ, ಮಣಿಕಟ್ಟು ಮುರಿಯುವ ಸಂಭವ ಹೆಚ್ಚುತ್ತದೆ. ಅದೇ ಕ್ಯಾನ್ಸರಿಗೆ ಕೊಡುವ ಇನ್ನೊಂದು ಔಷಧ ಟ್ಯಾಮಾಕ್ಸಿಫೆನ್ ಇದಕ್ಕೆ ವಿರುದ್ಧವಾಗಿ ಮುಟ್ಟು ನಿಂತವರ ಮೂಳೆಯನ್ನು ಕಾಯುತ್ತದೆ. ಚಿಕಿತ್ಸೆಯ ಆರಂಭದಲ್ಲಿ, ಆಮೇಲೆ 1-2 ವರ್ಷಕ್ಕೊಮ್ಮೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಲಾಗುತ್ತದೆ. ಕ್ಯಾಲ್ಸಿಯಂ, ವಿಟಮಿನ್ ಡಿ, ನಡಿಗೆ, ಭಾರ ಎತ್ತುವ ವ್ಯಾಯಾಮ ರಕ್ಷಣೆಯ ತಳಹದಿ. ಅಪಾಯ ಹೆಚ್ಚಿದ್ದರೆ 6 ತಿಂಗಳಿಗೊಮ್ಮೆ ರಕ್ತನಾಳಕ್ಕೆ 4 ಮಿ.ಗ್ರಾಂ ಜೊಲೆಡ್ರಾನಿಕ್ ಆಮ್ಲ ಅಥವಾ ಚರ್ಮದಡಿ 60 ಮಿ.ಗ್ರಾಂ ಡೆನೊಸುಮ್ಯಾಬ್ ಕೊಡುವುದುಂಟು. ಎರಡರಿಂದಲೂ ವಿರಳವಾಗಿ ದವಡೆ ಮೂಳೆ ಸಾಯುವುದರಿಂದ ಹಲ್ಲಿನ ತಪಾಸಣೆ ಮೊದಲೇ ಆಗಬೇಕು. ಡೆನೊಸುಮ್ಯಾಬನ್ನು ಬದಲಿ ಔಷಧವಿಲ್ಲದೆ ನಿಲ್ಲಿಸಿದಾಗ ಬೆನ್ನೆಲುಬಿನ ಹಲವು ಮಣಿಗಳು ಕುಸಿದ ಪ್ರಸಂಗಗಳಿವೆ.